ಎದುರಲ್ಲಿ ಏಳು, ಇನ್ನೊಂದು ಕೇಳು

ಜನವರಿ ೮

ಪಿಟೀಲೂ,

ನಾವೆಲ್ಲ ಕ್ಷೇಮ ಎಂದು ಶುರು ಮಾಡುವುದು ವಾಡಿಕೆ. ಈ ಸಲ ಆ ಸಾಲನ್ನು ಸ್ವಲ್ಪ ಕತ್ತರಿಸಬೇಕಾಗಿದೆ: ಅಪ್ಪನ ಎಡಭಾಗ ಕ್ಷೇಮ. ಬಲಗೈ, ಬಲಗಾಲು, ಮಾತು, ಮೂರೂ ಒಟ್ಟಿಗೆ ರಜೆ ಹಾಕಿವೆ. ಲಕ್ವಾ ಹೊಡೆದಾಗ ಆಸ್ಪತ್ರೆಯಿಂದ ಫೋನ್ ಮಾಡಿದೆ. "ಜೀವಕ್ಕೇನೂ ಅಪಾಯ ಇಲ್ಲ ತಾನೆ?" ಎಂದು ಕೇಳಿ ಇಟ್ಟವಳು ಆಮೇಲೆ ಎತ್ತಲೇ ಇಲ್ಲ. ಅದಕ್ಕೇ ಈ ಕಾಗದ. ಕಾಗದವನ್ನು ಕಟ್ ಮಾಡಲು ಬರುವುದಿಲ್ಲ, ಹರಿಯಬಹುದು ಅಷ್ಟೆ. ಹರಿಯುವ ಮೊದಲು ಓದು.

ವ್ಯಾಯಾಮ ಮಾಡಿಸಲು ಬರುವ ಡಾಕ್ಟರಮ್ಮ ಬುದ್ಧಿಗೂ ಕಸರತ್ತು ಬೇಕು ಎಂದರು. ಮೊದಲು ಮಣಿ ಪೋಣಿಸಲು ಕೊಟ್ಟರು. ಅಪ್ಪ ಗೋಡೆಗೆ ಎಸೆದರು. ಸೇಬುಹಣ್ಣಿನ ಚಿತ್ರ ಜೋಡಿಸಲು ಕೊಟ್ಟರು. ಅದು ಕಿಟಕಿಯಾಚೆ ಹೋಯಿತು. ಅರ್ಧ ಊರಿನ ಫುಟ್‌ಬಾಲ್ ತಂಡಗಳನ್ನು ಸೀಟಿ ಊದಿ ಗದರಿಸಿದ ರೆಫರಿಗೆ ಸೇಬುಹಣ್ಣು ಜೋಡಿಸು ಅಂದರೆ ಸುಮ್ಮನಿರುತ್ತಾರೆಯೆ? ಕೊನೆಗೆ ಡಾಕ್ಟರಮ್ಮ ಒಂದು ಕಟ್ಟು ಇಸ್ಪೀಟು ತಂದರು. ನಾನು ಕಿವಿ ಮುಚ್ಚಿಕೊಂಡು ಕೂತೆ, ಈಗ ಡಾಕ್ಟರಮ್ಮನೇ ಕಿಟಕಿಯಾಚೆ ಹೋಗುತ್ತಾರೆ ಎಂದು. ಅಪ್ಪ ಆ ಕಟ್ಟನ್ನು ಎಡಗೈಯಲ್ಲಿ ಹಿಡಿದು ಬಿಡಲೇ ಇಲ್ಲ.

ಹೌದು, ಅದೇ ಅಪ್ಪ. ಕ್ಯಾಸಿನೋದ ಜೂಜಿನ ಹಾಲಿನಲ್ಲಿ ಇಸ್ಪೀಟು ಎಲೆ ಹಂಚುವ ಕೆಲಸಕ್ಕೆ ಸೇರುತ್ತೇನೆ ಎಂದು ನೀನು ಹೇಳಿದಾಗ ಡ್ರಾಯರಿನಿಂದ ಕೆಂಪು ಕಾರ್ಡು ತೆಗೆದು ನಿನ್ನ ಮೂಗಿನ ಮುಂದೆ ಎತ್ತಿ ಹಿಡಿದ ಅಪ್ಪ. ನೀನೇನು ಕಮ್ಮಿಯೆ? "ನೀವೇ ಬಾಯ್ಬಿಟ್ಟು ಬಾ ಅನ್ನೋ ತನಕ ಈ ಹೊಸಿಲು ತುಳಿಯಲ್ಲ" ಎಂದು ಚೀಲ ಎತ್ತಿಕೊಂಡು ಹೋದೆ. ಈಗ ಬಾಯಿಯೇ ಇಲ್ಲ. ನಿನ್ನ ಪಣ ಏನಾಯಿತು ಎಂದು ಕೇಳುವುದಿಲ್ಲ. ನಾನು ದರ್ಜಿ, ವಕೀಲನಲ್ಲ.

ನನಗೆ ಬೇಕಿರುವುದು ಇಷ್ಟೆ. ಒಂದು ಆಟ ಕಲಿಸು. ಮಂಚದ ಮೇಲೆ ಆಡುವಂಥದ್ದು, ಒಂದು ಕೈಯಲ್ಲಿ ಆಡುವಂಥದ್ದು. ನಿನ್ನ ಅತ್ತಿಗೆಯದೇ ಸಲಹೆ: "ಹಗಲೂ ರಾತ್ರಿ ಅದೇ ಕೆಲಸ ಮಾಡೋಳು ಮನೇಲಿದ್ದಾಳೆ, ಬೇರೆಯವರನ್ನ ಯಾಕೆ ಕೇಳ್ತೀರಿ?" ಮನೇಲಿದ್ದಾಳೆ ಅಂದಳು ನೋಡು. ತಿದ್ದಲಿಲ್ಲ.

ಇಂತಿ,
ಅಣ್ಣ


ಜನವರಿ ೨೧

ಪ್ರಾಸಣ್ಣನಿಗೆ,

ಹರಿದಿಲ್ಲ. ಓದಿದೆ. ಹಗಲೂ ರಾತ್ರಿ ಅಲ್ಲ, ರಾತ್ರಿ ಮಾತ್ರ. ಹಗಲು ಮಲಗುತ್ತೇನೆ, ಆಗಲೇ ನಿನ್ನ ಫೋನು ಬರುವುದು.

ಇಪ್ಪತ್ತೊಂದರ ಆಟ ಕಲಿಸುತ್ತೇನೆ. ನಮ್ಮಲ್ಲಿ ಬ್ಲ್ಯಾಕ್‌ಜಾಕ್ ಅನ್ನುತ್ತಾರೆ. ನಿಧಾನವಾಗಿ ಓದು. ಅಂಗಿ ಹೊಲಿಯುವಾಗ ಮಾಡುವ ಹಾಗೆ ಅಳತೆ ಅರ್ಧ ಕೇಳಿ ಕತ್ತರಿ ಹಾಕಬೇಡ.

ಎರಡರಿಂದ ಹತ್ತರವರೆಗೆ ಎಲೆಯ ಮೇಲೆ ಎಷ್ಟಿದೆಯೋ ಅಷ್ಟು. ಗುಲಾಮ, ರಾಣಿ, ರಾಜ, ಮೂವರಿಗೂ ಹತ್ತು. ಈ ಆಟದಲ್ಲಿ ರಾಜನಿಗೂ ಗುಲಾಮನಿಗೂ ಒಂದೇ ಬೆಲೆ. ಎಕ್ಕ ಒಂದೂ ಆಗುತ್ತದೆ, ಹನ್ನೊಂದೂ ಆಗುತ್ತದೆ, ನಿನಗೆ ಯಾವುದು ಅನುಕೂಲವೋ ಅದು. ಅತ್ತಿಗೆಯ ಅಣ್ಣನ ಥರ.

ಆಡುವವನಿಗೆ ಎರಡು ಎಲೆ, ಹಂಚುವವನಿಗೆ ಎರಡು. ಹಂಚುವವನನ್ನು ಡೀಲರ್ ಅನ್ನುತ್ತೇವೆ. ಡೀಲರ್ ತನ್ನ ಒಂದು ಎಲೆಯನ್ನು ಬಿಚ್ಚಿಡಬೇಕು, ಇನ್ನೊಂದನ್ನು ಮುಚ್ಚಿಡಬೇಕು. ಆಡುವವನು ಬೇಕಾದರೆ ಇನ್ನೊಂದು ಎಲೆ ಕೇಳಬಹುದು, ಮತ್ತೊಂದು, ಮಗದೊಂದು ಕೇಳಬಹುದು. ಸಾಕು ಅನ್ನಿಸಿದಾಗ ನಿಲ್ಲಬಹುದು. ಇಪ್ಪತ್ತೊಂದು ದಾಟಿದರೆ ಕೈ ಸುಟ್ಟಿತು, ಅಲ್ಲಿಗೇ ಸೋಲು. ಆಮೇಲೆ ಡೀಲರ್‌ನ ಕೈ ಸುಟ್ಟರೂ ನಿನ್ನ ಸೋಲು ವಾಪಸ್ ಬರುವುದಿಲ್ಲ.

ಆಮೇಲೆ ಡೀಲರ್ ಸರದಿ. ಮುಚ್ಚಿದ್ದು ಬಿಚ್ಚಬೇಕು. ಹದಿನಾರು ಅಥವಾ ಅದಕ್ಕಿಂತ ಕಡಿಮೆ ಇದ್ದರೆ ಎಳೆಯಲೇಬೇಕು, ಹದಿನೇಳಾದರೆ ನಿಲ್ಲಲೇಬೇಕು. ಯಾರ ಮೊತ್ತ ದೊಡ್ಡದೋ ಅವರು ಗೆದ್ದರು, ಸಮವಾದರೆ ಅವರವರ ಪಣ ಅವರವರಿಗೆ. ಮೊದಲ ಎರಡೇ ಎಲೆಯಲ್ಲಿ ಎಕ್ಕ ಮತ್ತು ಹತ್ತು ಬಂದರೆ ಅದೇ ಬ್ಲ್ಯಾಕ್‌ಜಾಕ್, ಪಣದ ಒಂದೂವರೆಯಷ್ಟು ಕೊಡಬೇಕು.

ದುಡ್ಡಿಟ್ಟು ಆಡಬೇಡಿ. ಅಂಗಡಿಯಲ್ಲಿ ಗುಂಡಿಗಳಿವೆಯಲ್ಲ, ಅವನ್ನಿಡಿ.

ಅಪ್ಪ ಎಲೆಗಳನ್ನು ಹಿಡಿದು ಬಿಡಲಿಲ್ಲ ಎಂದು ಬರೆದಿದ್ದೀಯ. ಕೈ ಸೆಟೆದುಕೊಂಡಿರುತ್ತದೆ, ಅದಕ್ಕೆ. ಡಾಕ್ಟರನ್ನು ಕೇಳು.

ನಿನ್ನ ತಂಗಿ


ಫೆಬ್ರವರಿ ೬

ಪಿಟೀಲೂ,

ಸೆಟೆದುಕೊಂಡಿರುವುದು ಬಲಗೈ. ಹಿಡಿದದ್ದು ಎಡಗೈ. ಮುಂದಕ್ಕೆ ಹೋಗೋಣ.

ಆಟ ಶುರುವಾಗಿದೆ ಎನ್ನುವುದಕ್ಕಿಂತ ಯುದ್ಧ ಶುರುವಾಗಿದೆ ಎನ್ನಬಹುದು. ನಿನ್ನ ಕಾಗದದ ಆಟದ ಭಾಗವನ್ನು ಅಪ್ಪನಿಗೆ ಗಟ್ಟಿಯಾಗಿ ಓದಿದೆ. ಆಮೇಲೆ ನೆನಪಿರಲಿ ಎಂದು ಪದ್ಯ ಕಟ್ಟಿದೆ: "ಹನ್ನೆರಡು ಬಂತೋ, ಹಿಗ್ಗು, ಹದಿನಾರು ಬಂತೋ, ನುಗ್ಗು, ಇಪ್ಪತ್ತೊಂದು ಮುಟ್ಟೋ ತನಕ ಬೇಡ ಯಾವ ಸಿಗ್ಗು." ಈ ಪದ್ಯದ ಪ್ರಕಾರ ಅಪ್ಪನ ಕೈಲಿ ಹತ್ತೊಂಬತ್ತಿದ್ದಾಗಲೂ ಎಳೆಸಿದೆ, ಇಪ್ಪತ್ತಿದ್ದಾಗಲೂ ಎಳೆಸಿದೆ. ಮಧ್ಯಾಹ್ನದ ಊಟದ ಹೊತ್ತಿಗೆ ಅಪ್ಪನ ಪಾಲಿನ ಕೋಟು ಗುಂಡಿಗಳೆಲ್ಲ ನನ್ನ ಕಡೆ ಬಂದಿದ್ದವು. ಅಪ್ಪ ನನ್ನನ್ನು ನೋಡಿದ ನೋಟದ ಬಿಸಿಗೆ ಅಂಗಡಿಗೆ ಇಸ್ತ್ರಿಪೆಟ್ಟಿಗೆಯೇ ಬೇಕಾಗಿರಲಿಲ್ಲ.

ಪಾಪ ಅನ್ನಿಸಿತು. ಮುಂದಿನ ಆಟದಲ್ಲಿ ಅವರಿಗೆ ಹದಿನಾರು, ನನಗೆ ಹದಿನೈದು. ನಾನು ಇನ್ನೊಂದು ಎಳೆಯಬೇಕಿತ್ತು. ಎಳೆಯಲಿಲ್ಲ. "ಓಹೋ, ಗೆದ್ರಲ್ಲಪ್ಪಾ!" ಎಂದು ಚಪ್ಪಾಳೆ ತಟ್ಟಿದೆ. ಅಪ್ಪ ನನ್ನ ಹದಿನೈದನ್ನು ನೋಡಿದರು, ನನ್ನನ್ನು ನೋಡಿದರು, ಎಡಗಾಲಿನಲ್ಲಿ ಗುಂಡಿಗಳ ತಟ್ಟೆಗೆ ಒಂದು ಒದೆ ಕೊಟ್ಟರು. ಗುಂಡಿಗಳು ಮಂಚದ ಕೆಳಗೆ, ಬೀರುವಿನ ಕೆಳಗೆ, ಒಂದು ನಿನ್ನ ಅತ್ತಿಗೆಯ ಚಹಾದೊಳಗೆ. ಅವಳು ನೆಲದ ಮೇಲೆ ಮಂಡಿಯೂರಿ ಹೆಕ್ಕುತ್ತಾ ಹೇಳಿದಳು: "ದಯೆ ನಿಮ್ದು, ಸೊಂಟ ನಂದು."

ಇನ್ನೊಂದು ತೊಂದರೆ. "ಇನ್ನೊಂದು ಬೇಕಾ ಅಪ್ಪಾ?" ಎಂದು ಕೇಳಿದರೆ "ಬ ಬ ಬ" ಅನ್ನುತ್ತಾರೆ. ಬೇಕು ಎಂದೋ ಬೇಡ ಎಂದೋ? ತಲೆ ಆಡಿಸಿದರೆ ಹೌದೂ ಅಲ್ಲವೂ ಒಂದೇ ಥರ ಕಾಣುತ್ತದೆ. ತಪ್ಪು ತಿಳಿದು ಎಲೆ ಹಾಕುತ್ತೇನೆ, ಅವರು ಕೆಂಡವಾಗುತ್ತಾರೆ. ನನಗಂತೂ ಸಾಕಾಗಿದೆ.

ಇಂತಿ,
ಕಾಲಲ್ಲಿ ಒದೆಸಿಕೊಂಡ ಅಣ್ಣ


ಫೆಬ್ರವರಿ ೧೭

ಪ್ರಾಸಣ್ಣಾ,

ಪ್ರಾಸಕ್ಕಾಗಿ ನಿಯಮ ಬದಲಾಯಿಸುವ ಡೀಲರ್‌ನನ್ನು ನಾನು ಇದೇ ಮೊದಲು ನೋಡುತ್ತಿರುವುದು. ಇಪ್ಪತ್ತೊಂದು ಮುಟ್ಟಲೇಬೇಕು ಎಂದು ನಾನು ಎಲ್ಲಿ ಬರೆದಿದ್ದೇನೆ? ತೋರಿಸು. ಡೀಲರ್‌ಗಿಂತ ಮುಂದಿದ್ದರೆ ಸಾಕು. ಡೀಲರ್ ತಾನೇ ಸುಟ್ಟುಕೊಂಡರೆ ಹನ್ನೆರಡಿದ್ದವನೂ ಗೆದ್ದ.

ಎರಡನೆಯ ತಪ್ಪು ಇನ್ನೂ ದೊಡ್ಡದು. ಡೀಲರ್‌ಗೆ ಮನಸ್ಸು ಎಂಬುದೇ ಇಲ್ಲ ಕಣೋ. ಹದಿನಾರಿದ್ದರೆ ಎಳೆಯಬೇಕು, ಹದಿನೇಳಿದ್ದರೆ ನಿಲ್ಲಬೇಕು, ಎದುರಿಗೆ ಕೂತವನು ಅತ್ತರೂ ಅಷ್ಟೆ, ನಕ್ಕರೂ ಅಷ್ಟೆ. ರೆಫರಿಗೆ ನೀನು ಸುಳ್ಳು ಗೋಲು ಕೊಟ್ಟಿದ್ದೀಯ. ಒದೆ ಕಮ್ಮಿಯೇ ಆಯಿತು. ಸಮಕ್ಕೆ ಸಮ ಆಡು. ಅವರಿಗೆ ಬೇಕಿರುವುದು ಅದೊಂದೇ ಇರಬಹುದು.

ಈಗ ಆಡುವ ಬಗೆ. ನಿನ್ನ ಕೈ ಮಾತ್ರ ನೋಡಿಕೊಂಡು ಆಡಬೇಡ, ಡೀಲರ್ ಬಿಚ್ಚಿಟ್ಟ ಎಲೆ ನೋಡು. ಹದಿಮೂರು ಜಾತಿ ಎಲೆಗಳಲ್ಲಿ ನಾಲ್ಕಕ್ಕೆ ಹತ್ತರ ಬೆಲೆ, ಆದ್ದರಿಂದ ಮುಚ್ಚಿದ್ದು ಹತ್ತು ಎಂದುಕೊಂಡೇ ಲೆಕ್ಕ ಹಾಕು. ಎದುರಿಗೆ ಎರಡರಿಂದ ಆರರೊಳಗೆ ಇದ್ದರೆ ಡೀಲರ್ ಕಷ್ಟದಲ್ಲಿದ್ದಾನೆ. ನಿನ್ನಲ್ಲಿ ಹದಿಮೂರೋ ಹದಿನಾಲ್ಕೋ ಇದ್ದರೂ ತೆಪ್ಪಗಿರು, ಅವನು ಸುಟ್ಟುಕೊಳ್ಳಲಿ. ಹನ್ನೆರಡು ಮಾತ್ರ ಎದುರಿಗೆ ಎರಡು ಮೂರು ಇದ್ದರೆ ಎಳೆ. ಎದುರಿಗೆ ಏಳು ಅಥವಾ ಮೇಲಿದ್ದರೆ ಅವನು ಗಟ್ಟಿ. ನೀನು ಹದಿನೇಳಾಗುವ ತನಕ ಕೇಳಬೇಕು. ಮೊದಲೆರಡು ಎಲೆಗೆ ಹನ್ನೊಂದು ಬಂದರೆ ಪಣ ದುಪ್ಪಟ್ಟು ಮಾಡಿ ಒಂದೇ ಒಂದು ಎಲೆ ತಗೊ. ಜೋಡಿ ಎಂಟು, ಜೋಡಿ ಎಕ್ಕ ಬಂದರೆ ಒಡೆದು ಎರಡು ಕೈ ಮಾಡು. ಜೋಡಿ ಹತ್ತನ್ನು ದೇವರಾಣೆ ಒಡೆಯಬೇಡ. ಡೀಲರ್ ಎಕ್ಕ ತೋರಿಸಿದಾಗ, ಅವನಿಗೆ ಬ್ಲ್ಯಾಕ್‌ಜಾಕ್ ಬಂದರೆ ಎಂದು ಬದಿಗೊಂದು ಪಣ ಇಡಿಸಿಕೊಳ್ಳಲು ವಿಮೆ ಬೇಕಾ ಎಂದು ಕೇಳುವ ಪದ್ಧತಿ ಇದೆ. ಬೇಡ ಅನ್ನು. ಯಾವಾಗಲೂ ಬೇಡ.

ಎಲ್ಲಕ್ಕಿಂತ ದರಿದ್ರ ಕೈ ಎಂದರೆ ನಿನ್ನಲ್ಲಿ ಹದಿನಾರು, ಎದುರಿಗೆ ಹತ್ತು. ನಿಂತರೂ ಹೆಚ್ಚಿನ ಸಲ ಸೋಲು, ಎಳೆದರೂ ಹೆಚ್ಚಿನ ಸಲ ಸೋಲು. ಎಳೆದರೆ ಕೂದಲೆಳೆಯಷ್ಟು ಕಮ್ಮಿ ಸೋಲು. ಅದಕ್ಕೇ ಎಳೆಯಬೇಕು. ನನ್ನ ಮೇಜಿನಲ್ಲಿ ಎಷ್ಟೋ ಜನ ಈ ಕೈ ಬಂದಾಗ ಬೆವರುತ್ತಾ ಕೂತೇ ಇರುತ್ತಾರೆ. ಸೋಲುವುದಾದರೆ ಕೂತಲ್ಲೇ ಸೋಲುತ್ತೇವೆ ಎಂಬ ಹಟ.

ಬೇಕು ಬೇಡದ ತೊಂದರೆಗೆ ಪರಿಹಾರ ನಮ್ಮ ಹಾಲಿನಲ್ಲೇ ಇದೆ. ನಮ್ಮಲ್ಲಿ ಬಾಯಿಮಾತಿಗೆ ಬೆಲೆ ಇಲ್ಲ. ಮೇಲಿರುವ ಕ್ಯಾಮೆರಾಕ್ಕೆ ಕಣ್ಣಿದೆ, ಕಿವಿಯಿಲ್ಲ. "ಕೊಡು, ಕೊಡು" ಎಂದು ಗಂಟಲು ಹರಿದುಕೊಂಡರೂ ನಾನು ಎಲೆ ಕೊಡುವ ಹಾಗಿಲ್ಲ. ಬೆರಳಿನಿಂದ ಮೇಜು ತಟ್ಟಿದರೆ ಬೇಕು. ಅಂಗೈ ಕೆಳಗೆ ಮಾಡಿ ಅತ್ತಿತ್ತ ಬೀಸಿದರೆ ಸಾಕು. ಕೈ ಹೇಳಿದ್ದೇ ಕೊನೆ ಮಾತು.

ಜೀವಮಾನವೆಲ್ಲ ಕೈಸನ್ನೆಯಲ್ಲೇ ಮಾತಾಡಿದವರಿಗೆ ಇದನ್ನು ಕಲಿಸಬೇಕಾಗಿಲ್ಲ. ಮಗಳನ್ನು ಮನೆಯಿಂದ ಕಳಿಸುವಾಗಲೂ ಒಂದು ಮಾತು ಖರ್ಚು ಮಾಡಲಿಲ್ಲ, ಕೆಂಪು ಕಾರ್ಡು ಎತ್ತಿದರು, ಮುಗಿಯಿತು. ಬೈದಿದ್ದರೆ ಮರೆಯುತ್ತಿದ್ದೆ. ಈ ಸಾಲುಗಳನ್ನು ಅವರಿಗೆ ಓದಬೇಡ.

ನಿನ್ನ ತಂಗಿ


ಮಾರ್ಚ್ ೯

ಪಿಟೀಲೂ,

ಮೊದಲು ಶುಭವಾರ್ತೆ. ಅಪ್ಪ ಮಾತಾಡುತ್ತಿದ್ದಾರೆ, ನಿನ್ನ ಹಾಲಿನ ಭಾಷೆಯಲ್ಲಿ. ತಟ್ಟಿದರೆ ಎಲೆ, ಬೀಸಿದರೆ ಸಾಕು. ಆಟದಲ್ಲಷ್ಟೇ ಅಲ್ಲ. ಗಂಜಿಗೆ ಬೀಸುತ್ತಾರೆ, ಚಹಾಕ್ಕೆ ತಟ್ಟುತ್ತಾರೆ. ನಿನ್ನ ಅತ್ತಿಗೆಯ ಅಣ್ಣ ನೋಡಲು ಬಂದು ಕುರ್ಚಿ ಎಳೆದುಕೊಂಡು "ಮಾವಾ, ಈಗ ಒಂದು ಒಳ್ಳೇ ವಿಮೆ ಬಂದಿದೆ" ಎಂದು ಬಾಯಿ ತೆಗೆದ. ಅಪ್ಪ ಎಷ್ಟು ಜೋರಾಗಿ ಬೀಸಿದರೆಂದರೆ ಮೇಜಿನ ಮೇಲಿದ್ದ ಔಷಧದ ಚೀಟಿ ಹಾರಿಹೋಯಿತು. ಹೆಂಡತಿ ಎದುರಿಗಿದ್ದಳು, ನಗುವ ಹಾಗಿರಲಿಲ್ಲ. ಅಂಗಡಿಗೆ ಹೋಗಿ ನಕ್ಕು ಬಂದೆ.

ಪದ್ಯವನ್ನೂ ತಿದ್ದಿದ್ದೇನೆ, ಈಗ ಬೈಯುವ ಹಾಗಿಲ್ಲ:

ಎದುರಲ್ಲಿ ಆರು, ತೆಪ್ಪಗೆ ಕೂರು.
ಎದುರಲ್ಲಿ ಏಳು, ಇನ್ನೊಂದು ಕೇಳು.
ಕೈಲಿ ಹನ್ನೊಂದು, ಇಡು ಮತ್ತೊಂದು.
ಜೋಡಿ ಎಂಟು, ಬಿಚ್ಚು ಗಂಟು.
ಜೋಡಿ ಹತ್ತು, ಒಡೆದರೆ ಕುತ್ತು.

ಡಾಕ್ಟರಮ್ಮ ಇದನ್ನು ಬರೆದುಕೊಂಡು ಹೋದರು. ಅಪ್ಪ ಈಗ ಗೆಲ್ಲುತ್ತಾರೆ, ಸೋಲುತ್ತಾರೆ, ಸೋತರೂ ಒದೆಯುವುದಿಲ್ಲ. ತಮ್ಮ ಕೈಲಿ ಹದಿನಾರಿದ್ದು ನನ್ನ ಕಡೆ ಹತ್ತು ಬಂದಾಗ ಮಾತ್ರ ಬಹಳ ಹೊತ್ತು ಕೂರುತ್ತಾರೆ. ಆಮೇಲೆ ತಟ್ಟುತ್ತಾರೆ.

ಇನ್ನು ಬೈಸಿಕೊಳ್ಳುವ ವಾರ್ತೆ. ನಿನ್ನ ಕಾಗದ ಓದುವಾಗ ಕೊನೆಯ ಸಾಲುಗಳನ್ನು ಹಾರಿಸಿ "ನಿನ್ನ ತಂಗಿ" ಎಂದುಬಿಟ್ಟೆ. ಅಪ್ಪ ಮಂಚದ ಪಟ್ಟಿ ತಟ್ಟಿದರು. ಮುಗೀತಪ್ಪಾ ಎಂದೆ. ತಟ್ಟಿದರು. ಮೊದಲಿಂದ ಓದಿದೆ, ಅಲ್ಲಿಗೆ ಬಂದು ಮತ್ತೆ ಹಾರಿಸಿದೆ. ತಟ್ಟಿದರು. ನಾನು ಹಾರಿಸಿದ್ದು ಅವರಿಗೆ ಹೇಗೆ ಗೊತ್ತಾಯಿತು ಎಂದು ನನ್ನನ್ನು ಕೇಳಬೇಡ, ತೊಂಬತ್ತು ನಿಮಿಷ ಇಪ್ಪತ್ತೆರಡು ಜನರ ಕಾಲು ನೋಡಿದ ಕಣ್ಣು ಅದು. ಓದಿದೆ. ಕೆಂಪು ಕಾರ್ಡನ್ನೂ ಓದಿದೆ. ಅಪ್ಪ ಗೋಡೆ ಕಡೆ ತಿರುಗಿ ಮಲಗಿದರು.

ಒಂದು ಅನುಮಾನ. ಆಟ ಯಾವಾಗ ಮುಗಿಯಬೇಕು? ಕಟ್ಟು ನಡುವೆಯೇ ಖಾಲಿಯಾಗಿ ಜಗಳವಾಗುತ್ತದೆ. ಅಪ್ಪನಿಗೆ ನಿಲ್ಲಿಸುವ ಮನಸ್ಸೇ ಇಲ್ಲ, ಅಂಗಡಿಯಲ್ಲಿ ಮದುವೆ ಬಟ್ಟೆಗಳು ಹಾಗೇ ಬಿದ್ದಿವೆ.

ಇಂತಿ,
ಅಣ್ಣ


ಮಾರ್ಚ್ ೨೦

ಅಣ್ಣಾ,

ಓದಬೇಡ ಅಂದರೆ ಓದಬೇಡ ಎಂದೇ ಅರ್ಥ. ಇದಕ್ಕೆ ನಿನ್ನ ಪ್ರಾಸ ಏನೂ ಬೇಡ. ಇನ್ನು ಮೇಲೆ ಆಟದ ವಿಷಯ ಬಿಟ್ಟು ಒಂದಕ್ಷರ ಬರೆಯುವುದಿಲ್ಲ.

ಆಟದ ವಿಷಯ: ಕಟ್ಟನ್ನು ಕೊನೆಯ ಎಲೆಯವರೆಗೆ ಹಂಚಬಾರದು. ಕಲಸಿದ ಮೇಲೆ ಆಡುವವನ ಕೈಗೆ ಬಣ್ಣದ ಒಂದು ಪ್ಲಾಸ್ಟಿಕ್ ತುಂಡು ಕೊಡುತ್ತೇವೆ, ಎಲೆಯಷ್ಟೇ ಅಗಲದ್ದು. ಅದನ್ನು ಅವನು ಕಟ್ಟಿನ ಕೆಳಭಾಗದಲ್ಲಿ ಎಲ್ಲಾದರೂ ತೂರಿಸಬಹುದು. ಹಂಚುತ್ತಾ ಹಂಚುತ್ತಾ ಅದು ಹೊರಗೆ ಬಂತೆಂದರೆ ಆ ಕೈಯೇ ಕೊನೆ. ಆಮೇಲೆ ಗೆದ್ದ ಎಲೆ, ಸೋತ ಎಲೆ, ಆಡದೆ ಉಳಿದ ಎಲೆ ಎಲ್ಲವನ್ನೂ ಒಟ್ಟು ಮಾಡಿ ಹೊಸದಾಗಿ ಕಲಸಬೇಕು. ಹಿಂದೆ ಯಾವ ಎಲೆ ಬಂದಿತ್ತು ಎಂಬುದಕ್ಕೆ ಆಮೇಲೆ ಅರ್ಥವಿಲ್ಲ. ಕಲಸುವುದು ಡೀಲರ್ ಕೆಲಸ.

ಗಟ್ಟಿ ಇರುವ ಯಾವುದಾದರೂ ಕಾರ್ಡು ಹುಡುಕಿಕೋ.

ತಂಗಿ


ಏಪ್ರಿಲ್ ೫

ಪಿಟೀಲೂ,

ನೀನು ಹೇಳಿದ ಹಾಗೆ ಗಟ್ಟಿ ಇರುವ ಕಾರ್ಡು ಹುಡುಕಿದೆ. ಲೈಬ್ರರಿ ಕಾರ್ಡು ಕೊಟ್ಟೆ, ಅಪ್ಪ ಬೀಸಿದರು. ಅಂಗಡಿಯ ಕಾರ್ಡು ಕೊಟ್ಟೆ, ಬೀಸಿದರು. ನಿನ್ನ ಅತ್ತಿಗೆಯ ಅಣ್ಣನ ವಿಮೆ ಕಾರ್ಡು ಕೊಟ್ಟೆ, ಎರಡು ಸಲ ಬೀಸಿದರು. "ಮತ್ತೆ ಏನು ಕೊಡ್ಲಪ್ಪಾ, ನನ್ನ ತಲೆನಾ?" ಎಂದು ರೇಗಿದೆ. ಅಪ್ಪ ಡ್ರಾಯರಿನ ಕಡೆ ಬೆರಳು ಮಾಡಿದರು. ಯಾವ ಡ್ರಾಯರು ಎಂದು ನಿನಗೆ ಗೊತ್ತು.

ಸೀಟಿ ತೋರಿಸಿದೆ. ಬೀಸಿದರು. ಹಳದಿ ತೋರಿಸಿದೆ. ಬೀಸಿದರು.

ಕೆಂಪಿನದು ಇಸ್ಪೀಟು ಎಲೆಗಿಂತ ಸ್ವಲ್ಪ ಅಗಲ, ಕತ್ತರಿಸಿ ಸರಿ ಮಾಡಲೇ ಎಂದೆ. ಅಪ್ಪನೇ ತಟ್ಟಿದರು. ಬಟ್ಟೆಯ ಕತ್ತರಿಯಿಂದ ಅಂಚು ತೆಗೆದೆ. ಅಪ್ಪನ ಕೈಗೆ ಕೊಟ್ಟೆ. ಎಡಗೈಯಿಂದ ಅವರೇ ಅದನ್ನು ಕಟ್ಟಿನೊಳಗೆ ತೂರಿಸಿದರು.

ಆಡಿದೆವು. ಕೆಂಪು ಬಂತು. ಆ ಕೈ ಅವರೇ ಗೆದ್ದರು, ಗುಂಡಿ ಎಣಿಸಿಕೊಳ್ಳಲೂ ಇಲ್ಲ. ಒಂದೇ ಕೈಯಲ್ಲಿ ಹಾಸಿಗೆಯ ಮೇಲಿನ ಎಲೆಗಳನ್ನೆಲ್ಲ ಬಳಿದು ಗುಡ್ಡೆ ಮಾಡಿದರು. ನಾನು ಕಲಸಲು ಕೈ ಹಾಕಿದೆ, ಮಣಿಕಟ್ಟಿನ ಮೇಲೆ ಒಂದೇಟು ಬಿತ್ತು. ಗುಡ್ಡೆಯನ್ನು ಮಂಚದ ಆ ಪಕ್ಕಕ್ಕೆ ತಳ್ಳಿದರು. ಆ ಪಕ್ಕದಲ್ಲಿ ಖಾಲಿ ಕುರ್ಚಿ ಇದೆ. ಕುರ್ಚಿಯ ಕಡೆ ನೋಡಿಕೊಂಡು ಮಂಚದ ಪಟ್ಟಿ ತಟ್ಟಿದರು.

ಚಹಾ ತಂದೆ. ಬೀಸಿದರು. ದಿಂಬು ಸರಿ ಮಾಡಿದೆ. ಬೀಸಿದರು. ನಿನ್ನ ಅತ್ತಿಗೆ ಅಡುಗೆಮನೆಯಿಂದ ಸೌಟು ಹಿಡಿದೇ ಬಂದಳು: "ನಿಮಗೆ ಅರ್ಥ ಆಗ್ತಿಲ್ವೋ, ಆಗಿಲ್ಲ ಅಂತ ನಟಿಸ್ತಿದ್ದೀರೋ? ಡೀಲರ್‌ನ ಕರೀತಿದ್ದಾರೆ." ಅಪ್ಪ ಅವಳನ್ನು ನೋಡಿ ತಟ್ಟಿದರು.

ಇದನ್ನು ನಾನು ಹೊಲಿದಿದ್ದೇನೆ ಎಂದು ನೀನು ಅನ್ನುತ್ತೀಯ. ಅನ್ನು. ಬಾಯ್ಬಿಟ್ಟು ಬಾ ಅಂದರೆ ಮಾತ್ರ ಬರುತ್ತೇನೆ ಅಂದಿದ್ದೆ, ಬಾಯಿಬಿಟ್ಟಿಲ್ಲ ಎನ್ನುತ್ತೀಯ. ಅದನ್ನೂ ಅನ್ನು. ಆದರೆ ಬಾಯಿಮಾತಿಗೆ ಬೆಲೆಯಿಲ್ಲ, ಕೈ ಹೇಳಿದ್ದೇ ಕೊನೆ ಮಾತು ಎಂದು ಬರೆದವಳು ನೀನು. ನಿನ್ನ ಅಕ್ಷರದಲ್ಲೇ ಇದೆ. ನಿನ್ನ ಮೇಜಿನಲ್ಲಿ ಒಂದು ನಿಯಮ, ನಮ್ಮ ಮಂಚದಲ್ಲಿ ಒಂದು ನಿಯಮ ಎಂದಾದರೆ ಹೇಳಿಬಿಡು, ನಾನು ಮದುವೆ ಬಟ್ಟೆ ಹೊಲಿಯಲು ಕೂರುತ್ತೇನೆ. ಎಲೆಗಳು ಗುಡ್ಡೆಯಾಗಿಯೇ ಬಿದ್ದಿವೆ. ಯಾರನ್ನೂ ಮುಟ್ಟಲು ಬಿಡುತ್ತಿಲ್ಲ. ಹಾಸಿಗೆಯ ಚಾದರ ಬದಲಾಯಿಸುವುದೇ ದೊಡ್ಡ ರಗಳೆಯಾಗಿದೆ.

ಇಂತಿ,
ಅಣ್ಣ


ಏಪ್ರಿಲ್ ೧೪

ಪ್ರಾಸಣ್ಣಾ,

ನಿನ್ನ ಕಾಗದ ಬಂದಾಗಿನಿಂದ ಕೈಯಲ್ಲಿ ಹದಿನಾರು ಹಿಡಿದು ಕೂತ ಹಾಗಿದ್ದೇನೆ. ಬಂದರೆ ಅವರು ಹೇಗೆ ಕಾಣುತ್ತಾರೋ, ನಾನು ಏನು ಹೇಳುತ್ತೇನೋ. ಬರದಿದ್ದರೆ ಅದೊಂದು ಬೇರೆ ಕೊರಗು. ಎರಡರಲ್ಲೂ ಗೆಲುವು ಕಾಣುತ್ತಿಲ್ಲ.

ಹಾಲಿನ ಮೇಲ್ವಿಚಾರಕರ ಹತ್ತಿರ ರಜೆ ಕೇಳಿದೆ. ಎಷ್ಟು ದಿನ ಎಂದರು. ಗೊತ್ತಿಲ್ಲ ಎಂದೆ. ಸರಿಯಾಗಿ ಹೇಳಮ್ಮಾ ಎಂದರು. ಮೇಜು ತಟ್ಟಿದೆ. ನಮ್ಮ ಹಾಲಿನವರಿಗೆ ಅದು ಅರ್ಥವಾಗುತ್ತದೆ.

ಶನಿವಾರ ಬೆಳಗಿನ ರೈಲು. ಸ್ಟೇಷನ್ನಿಗೆ ಬರಬೇಡ, ದಾರಿ ನೆನಪಿದೆ. ಈ ಕಾಗದವನ್ನು ಅಪ್ಪನಿಗೆ ಓದು, ಒಂದು ಸಾಲೂ ಹಾರಿಸದೆ ಓದು.

ಚಾದರದ ರಗಳೆ ಶನಿವಾರದ ತನಕ ತಡೆದುಕೊಳ್ಳಲು ಅತ್ತಿಗೆಗೆ ಹೇಳು. ಆ ಎಲೆಗಳನ್ನು ನೀನು ಮಾತ್ರ ಮುಟ್ಟಬೇಡ. ನಿನಗೆ ಇನ್ನೂ ಕಲಸಲು ಬರುವುದಿಲ್ಲ.

ಡೀಲರ್